ಒಂದೇ ಡೋಸ್‌ಗೆ ಮೆದುಳಿನ ಕ್ಯಾನ್ಸರ್ ಗುಣವಾಗುತ್ತದೆಯೇ?

ಸಾರಾಂಶ
ಇಮ್ಯುನೊಥೆರಪಿಯ ಒಂದೇ ಡೋಸ್‌ಗೆ, ಐದೇ ದಿನದಲ್ಲಿ ಮೆದುಳಿನ ಗೆಡ್ಡೆ ಮಾಯವಾಗುತ್ತದೆ ಎನ್ನುವ ಮಾತು ಅರ್ಧ ಸತ್ಯ. ಗೆಡ್ಡೆ ಕುಗ್ಗಿದ್ದು ನಿಜ, ರೋಗ ಗುಣವಾಯಿತು ಎನ್ನುವುದು ಸುಳ್ಳು.

ಈ ಮಾತು ಎಲ್ಲಿಂದ ಬಂತು?
ಗ್ಲಿಯೊಬ್ಲಾಸ್ಟೋಮಾ ಮೆದುಳಿನಲ್ಲಿ ವೇಗವಾಗಿ ಹರಡುವ ಕ್ಯಾನ್ಸರ್. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಇದು ಮರುಕಳಿಸಿದ್ದ ಮೂವರಿಗೆ ನೀಡಿದ ಚಿಕಿತ್ಸೆಯ ವರದಿ 2024ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ರೋಗಿಯ ರಕ್ತದಿಂದ ಟಿ-ಕೋಶಗಳನ್ನು ತೆಗೆದು, ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿ, ನೇರವಾಗಿ ಮೆದುಳಿನ ದ್ರವಕ್ಕೆ ಬಿಡಲಾಗಿತ್ತು. ಇದೇ ಕಾರ್-ಟಿ ಚಿಕಿತ್ಸೆ. ಒಬ್ಬರಲ್ಲಿ ಐದು ದಿನಗಳಲ್ಲೇ ಗೆಡ್ಡೆ ಬಹುತೇಕ ಕಾಣದಾಯಿತು. ಆದರೆ ಅವರೂ ಸೇರಿ ಇಬ್ಬರಲ್ಲಿ ಅದು ಮತ್ತೆ ಬೆಳೆಯಿತು. ಇನ್ನೊಬ್ಬರಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಕುಗ್ಗಿಯೇ ಇತ್ತು. ಫಾರ್ವರ್ಡ್‌ಗಳು ಹೇಳದೆ ಬಿಡುವುದು ಇದನ್ನೇ.

ಗೆಡ್ಡೆ ಮತ್ತೆ ಏಕೆ ಬೆಳೆಯುತ್ತದೆ?
ಒಂದೇ ಗೆಡ್ಡೆಯಲ್ಲಿ ಬೇರೆ ಬೇರೆ ಗುಣದ ಕೋಶಗಳಿರುತ್ತವೆ. ಟಿ-ಕೋಶಗಳು ಗುರುತಿಸಲಾಗದ ಕೋಶಗಳು ಉಳಿದುಕೊಂಡು ಮತ್ತೆ ಬೆಳೆಯುತ್ತವೆ. ಜೊತೆಗೆ ಗೆಡ್ಡೆಯು ತನ್ನ ಸುತ್ತಲಿನ ರೋಗನಿರೋಧಕ ಕೋಶಗಳನ್ನು ಮಂಕಾಗಿಸುತ್ತದೆ. ಮೆದುಳಿನ ಊತಕ್ಕೆ ಕೊಡುವ ಸ್ಟೀರಾಯ್ಡ್ ಕೂಡ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಹಾಗೆಂದು ಸ್ಟೀರಾಯ್ಡ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಅಪಾಯಕಾರಿ.

ಬೇರೆ ಇಮ್ಯುನೊಥೆರಪಿಗಳು?
ಚರ್ಮದ ಕ್ಯಾನ್ಸರ್ ಮೆಲನೋಮಾದಲ್ಲಿ ಫಲ ಕೊಟ್ಟ ನಿವೊಲುಮಾಬ್ ಔಷಧವನ್ನು ಮರುಕಳಿಸಿದ ಗ್ಲಿಯೊಬ್ಲಾಸ್ಟೋಮಾ ಇರುವವರ ಮೇಲೆ ದೊಡ್ಡ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. ಹೋಲಿಕೆಗೆ ಬಳಸಿದ ಔಷಧಕ್ಕಿಂತ ಅದು ರೋಗಿಗಳ ಆಯುಷ್ಯವನ್ನು ಹೆಚ್ಚಿಸಲಿಲ್ಲ. ಲಸಿಕೆಗಳ ಸಂಶೋಧನೆಯೂ ನಡೆಯುತ್ತಿದೆ.

ಭಾರತದಲ್ಲಿ ಕಾರ್-ಟಿ ಇದೆಯಲ್ಲವೇ?
ಇದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೆಂಟರ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮೋದನೆ ಸಿಕ್ಕಿದೆ. ಆದರೆ ಅದು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗಳಿಗೆ ಮಾತ್ರ, ಮೆದುಳಿನ ಗೆಡ್ಡೆಗಲ್ಲ.

ಕುಟುಂಬದವರು ಏನು ಮಾಡಬೇಕು?
ಶಸ್ತ್ರಚಿಕಿತ್ಸೆ, ನಂತರ ರೇಡಿಯೇಷನ್ ಮತ್ತು ಟೆಮೊಜೊಲೊಮೈಡ್ ಮಾತ್ರೆ: 2005ರಿಂದಲೂ ಇದೇ ಮುಖ್ಯ ಚಿಕಿತ್ಸಾಕ್ರಮ. ಇದು ರೋಗವನ್ನು ಬೇರುಸಮೇತ ಕಿತ್ತುಹಾಕದಿದ್ದರೂ ಆಯುಷ್ಯ ಹೆಚ್ಚಿಸುತ್ತದೆ. "ಹೊಸ ಇಂಜೆಕ್ಷನ್ ಬಂದಿದೆಯಂತೆ" ಎಂದು ಇದನ್ನು ಮುಂದೂಡಿದರೆ ಕಳೆದ ವಾರಗಳು ಮರಳಿ ಬರುವುದಿಲ್ಲ. ಯಾರಾದರೂ ಇಮ್ಯುನೊಥೆರಪಿ ಕೊಡುತ್ತೇವೆ ಎಂದರೆ, ಹಣ ಕಟ್ಟುವ ಮುನ್ನ ಅದು ಅನುಮೋದಿತ ಚಿಕಿತ್ಸೆಯೋ ಪ್ರಯೋಗವೋ ಕೇಳಿ. ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನೋಂದಣಿ ಸಂಖ್ಯೆ ಪಡೆದು ನಿಮ್ಮ ಕ್ಯಾನ್ಸರ್ ತಜ್ಞರಿಗೆ ತೋರಿಸಿ.

ನಮ್ಮ ತೀರ್ಮಾನ
ಸಂಶೋಧನೆ ನಿಜ, "ಗುಣವಾಯಿತು" ಎಂಬುದು ಸುಳ್ಳು. ಈ ಸಂದೇಶ ದಾರಿತಪ್ಪಿಸುವಂಥದ್ದು.