ಹಂಗಾಮು ಮುಗಿದ ಮೇಲೆ

ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ರೂಪುಗೊಂಡದ್ದು 1948ರಲ್ಲಿ. ಯಂತ್ರಕ್ಕೆ ಕೈ ಸಿಕ್ಕಿ ಶಾಶ್ವತವಾಗಿ ಊನವಾದರೆ ಜೀವನಪರ್ಯಂತ ಮಾಸಾಶನ ಕೊಡುವ ಕಾಯ್ದೆ ಅದು. ಆದರೆ ‘ಹಂಗಾಮಿ ಕಾರ್ಖಾನೆ’ಗಳನ್ನು ಅದು ಹೊರಗಿಟ್ಟಿತು: ಹತ್ತಿ ಜಿನ್ನಿಂಗ್, ಶೇಂಗಾ ಸುಲಿಯುವುದು, ಸಕ್ಕರೆ, ಬೆಲ್ಲ, ಕಾಫಿ, ಚಹಾ. ನಮ್ಮ ರಾಯಚೂರಿನ ಜಿನ್ನುಗಳೂ ಆ ಪಟ್ಟಿಯ ಪಾಲಾದವು. ಜಿನ್ನಿನ ಹಲ್ಲಿಗೆ ಮಾತ್ರ ಹಂಗಾಮಿ, ಕಾಯಂ ಎಂಬ ಭೇದವಿಲ್ಲ.

ಅಲ್ಲಿಯ ಕೂಲಿಗಳಿಗೆ ಉಳಿದದ್ದು 1923ರ ಪರಿಹಾರ ಕಾಯ್ದೆ. ಸಿಕ್ಕರೆ ಒಮ್ಮೆಗೇ ಒಂದಿಷ್ಟು ಹಣ. ಆದರೆ ತಾನು ಯಾರ ಬಳಿ ದುಡಿಯುತ್ತಿದ್ದೆನೆಂದು ಗಾಯಾಳುವೇ ರುಜುವಾತುಪಡಿಸಬೇಕು. ಹಾಜರಿ ಪುಸ್ತಕ ಮಾಲೀಕನ ಕೈಯಲ್ಲಿ. ಸಾಕ್ಷಿ ಹೇಳಬೇಕಾದವರು ಹಂಗಾಮು ಮುಗಿಸಿ ತಮ್ಮ ತಮ್ಮ ಊರು ಸೇರಿರುತ್ತಾರೆ.

2020ರ ಸಾಮಾಜಿಕ ಭದ್ರತಾ ಸಂಹಿತೆ ಇವೆರಡನ್ನೂ ಒಂದುಗೂಡಿಸಿತು. ಹಂಗಾಮಿ ಕಾರ್ಖಾನೆಗಳ ‘ವಿನಾಯಿತಿ’ಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು. ವಿನಾಯಿತಿ ಸಿಕ್ಕಿದ್ದು ಮಾಲೀಕನಿಗೆ.