ಅಟಾಮಿಕ್

ಗ್ರೀಕಿನ ‘ಅಟೊಮೊಸ್’ ಎಂದರೆ ಕತ್ತರಿಸಲಾಗದ್ದು. ವಿಜ್ಞಾನಿಗಳು ಪರಮಾಣುವನ್ನೇ ಒಡೆದ ಮೇಲೂ ಈ ಹಳೆಯ ಅರ್ಥ ಲಿನಕ್ಸ್ ಕರ್ನಲ್‌ನಲ್ಲಿ ಗಟ್ಟಿಯಾಗಿ ಉಳಿದಿದೆ. ಇಂಟರಪ್ಟ್ ಹ್ಯಾಂಡ್ಲರ್ ಓಡುವಾಗ, ಸ್ಪಿನ್‌ಲಾಕ್ ಹಿಡಿದಿರುವಾಗ ಕೋಡ್ ‘ಅಟಾಮಿಕ್’ ಸ್ಥಿತಿಯಲ್ಲಿರುತ್ತದೆ: ನಡುವೆ ಸಿಪಿಯು ಬಿಟ್ಟುಕೊಟ್ಟು ನಿದ್ರಿಸುವಂತಿಲ್ಲ. ಲಾಕ್ ಹಿಡಿದೇ ಮಲಗಿದರೆ, ಅದೇ ಲಾಕಿಗಾಗಿ ಕಾಯುವ ಇನ್ನೊಂದು ಕೆಲಸ ಗಿರಗಿರನೆ ಸುತ್ತುತ್ತಲೇ ಇರುತ್ತದೆ, ಯಂತ್ರವೇ ಸ್ತಬ್ಧವಾಗಬಹುದು.

ಹಾಗಾಗಿ ಡ್ರೈವರ್ ಬರೆಯುವವರು ಈ ಸ್ಥಿತಿಯಲ್ಲಿ ನಿದ್ರೆಗೆ ಎಡೆಕೊಡುವ ಮ್ಯೂಟೆಕ್ಸ್, ‘ಎಂಸ್ಲೀಪ್’ ಎರಡನ್ನೂ ದೂರವಿಡಬೇಕು. ಕೆಲವೇ ಮೈಕ್ರೊಸೆಕೆಂಡ್ ಕಾಯಲು ‘ಯುಡಿಲೇ’ ಸಾಕು. ದೀರ್ಘ ಕೆಲಸವನ್ನು ವರ್ಕ್‌ಕ್ಯೂಗೆ ದಾಟಿಸಬೇಕು.

ನಿಜವಾದ ಅಪಾಯ ಮೆಮೊರಿ ಕೇಳುವಾಗ. ‘ಜಿಎಫ್‌ಪಿ ಕರ್ನಲ್’ ಎಂಬ ಫ್ಲ್ಯಾಗ್ ಕೊಟ್ಟು ಕೇಳಿದರೆ, ಮೆಮೊರಿ ಧಾರಾಳವಾಗಿರುವಾಗ ತಕ್ಷಣ ಸಿಗುತ್ತದೆ, ಪರೀಕ್ಷೆಯೂ ಪಾಸಾಗುತ್ತದೆ. ಕೊರತೆ ಬಿದ್ದ ದಿನ ಅದೇ ಕರೆ ನಿದ್ರೆಗೆ ಜಾರಬಹುದು. ‘ಜಿಎಫ್‌ಪಿ ಅಟಾಮಿಕ್’ ಎಂದು ಕೇಳಿದರೆ ನಿದ್ರೆಯಿಲ್ಲ, ಆದರೆ ಬರಿಗೈಯಲ್ಲೂ ಮರಳಬಹುದು. ಮೆಮೊರಿ ಸಿಕ್ಕಿತೇ ಎಂದು ನೋಡಿಯೇ ಮುಂದುವರಿಯಬೇಕು. ಅಟಾಮಿಕ್ ಸ್ಥಿತಿಯಲ್ಲಿ ನಿದ್ರಿಸುವ ತಪ್ಪು ಹಿಡಿಯಲೆಂದೇ ಕರ್ನಲ್‌ನಲ್ಲಿ ‘ಡೀಬಗ್ ಅಟಾಮಿಕ್ ಸ್ಲೀಪ್’ ಆಯ್ಕೆಯಿದೆ. ಡ್ರೈವರ್ ಕಟ್ಟುವ ಮೊದಲ ದಿನದಿಂದಲೇ ಅದನ್ನು ಆನ್ ಮಾಡಿಡಿ.