ಬಸ್ಸಿದ್ದೂ ಓಡುವವರು

2023ರ ಶ್ರಾವಣದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಅವನು ಕನ್ನಡ ಅಧ್ಯಾಪಕ. ನಲವತ್ತರ ಹತ್ತಿರದ ವಯಸ್ಸು, ಇಬ್ಬರು ಮಕ್ಕಳು. ಹಣ್ಣಿನ ಚೀಲವನ್ನು ಕೆಳಗಿಟ್ಟು ಕಾಲಿಗೆರಗಿದಾಗ ಏನೋ ಮಂಗಳಕಾರ್ಯಕ್ಕೆ ಕರೆಯಲು ಬಂದಿರಬೇಕೆಂದುಕೊಂಡೆ. ಅವನು ಹೇಳಿದ್ದೇ ಬೇರೆ. ಅಕ್ಟೋಬರಿನಲ್ಲಿ ಗೋವೆಗೆ ಹೋಗುವನಂತೆ. ಅಲ್ಲಿ ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಿ, ಮೈ ಒರೆಸಿಕೊಂಡವನೇ ಸೈಕಲ್ಲೇರಿ 90 ಕಿಲೋಮೀಟರ್ ತುಳಿದು, ಅದನ್ನಿಳಿದು 21 ಕಿಲೋಮೀಟರ್ ಓಡುವನಂತೆ. ಇಷ್ಟನ್ನೂ ಎಂಟೂವರೆ ಗಂಟೆಯೊಳಗೆ ಮುಗಿಸಬೇಕು.

"ಮುಗಿಸಿದರೆ ಏನು ಕೊಡುತ್ತಾರಪ್ಪ?" ಎಂದು ಕೇಳಿದೆ.

"ಒಂದು ಪದಕ, ಒಂದು ಅಂಗಿ ಸರ್."

ಪ್ರವೇಶಶುಲ್ಕ ಎಷ್ಟೆಂಬುದನ್ನು ಅವನು ಸಂಕೋಚದಿಂದಲೇ ಹೇಳಿದ. ನಾನು ನಕ್ಕುಬಿಟ್ಟೆ. ತಾಯಿಗೆ ತಿಳಿಸಿದ್ದೀಯೇನಪ್ಪ ಎಂದೆ. "ತಿಳಿಸೇನ್ರಿ ಸರ್. ಯಾಕೋ ಯಪ್ಪಾ, ಬಸ್ ಇಲ್ಲೇನು ಅಂದಳ್ರಿ" ಎಂದು ಅವನೂ ನಕ್ಕ.

ಅವನು ಹೋದ ಮೇಲೆ ನನ್ನ ನಗು ನನಗೇ ಸರಿಕಾಣಲಿಲ್ಲ. ಆ ತಾಯಿಯ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಕೂಲಿಗೆಂದು ಎರೆಯ ಹೊಲಗಳಿಗೆ ಜೀವಮಾನವಿಡೀ ನಡೆದ ಹೆಂಗಸು ಆಕೆ. ಬಸ್ಸಿರುವ ಕಾಲದಲ್ಲಿ ದುಡ್ಡು ಕೊಟ್ಟು ಓಡುವುದೆಂದರೇನು? ಕನ್ನಡ ಪಾಠ ಹೇಳಿದ ನನಗೆ ಉತ್ತರ ಹೊಳೆಯದೆ, ಈ ಸ್ಪರ್ಧೆಯ ಚರಿತ್ರೆಯನ್ನು ಓದತೊಡಗಿದೆ. ಈ ಭಾಷಣ ಆ ಓದಿನ ಫಲ.

ಈಜು, ಸೈಕಲ್, ಓಟ, ಈ ಮೂರನ್ನೂ ಹೆಣೆದ 'ಟ್ರಯಥ್ಲಾನ್' ಎಂಬ ಸ್ಪರ್ಧೆಗೆ ವಯಸ್ಸು ಹೆಚ್ಚಿಲ್ಲ. ಅಮೆರಿಕದ ಸ್ಯಾನ್ ಡಿಯೇಗೋ ನಗರದ ಓಟಗಾರರ ಸಂಘವೊಂದು 1974ರ ಸೆಪ್ಟೆಂಬರ್ 25ರಂದು ಮಿಷನ್ ಬೇ ಎಂಬಲ್ಲಿ ಇದನ್ನು ಏರ್ಪಡಿಸಿದಾಗ ಸೇರಿದವರು 46 ಮಂದಿ. ಅವರಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿಯೂ ಇದ್ದ. ಮುಂದೆ ಅವನಿಗೆ ಹವಾಯಿ ದ್ವೀಪಕ್ಕೆ ವರ್ಗವಾಯಿತು. ಅಲ್ಲಿನ ಒಂದು ಬಹುಮಾನ ವಿತರಣೆಯ ಸಮಾರಂಭದಲ್ಲಿ ಈಜುಗಾರರಿಗೂ ಓಟಗಾರರಿಗೂ ವಾಗ್ವಾದ ಹತ್ತಿತು. ಯಾರ ದೇಹ ಗಟ್ಟಿ? ಇಬ್ಬರಿಗಿಂತಲೂ ಬೆಲ್ಜಿಯಮ್ಮಿನ ಸೈಕಲ್ ವೀರ ಎಡ್ಡಿ ಮರ್ಕ್ಸ್ ಗಟ್ಟಿಗನೆಂದು ಕಾಲಿನ್ಸನ ವಾದ. ಮಾತಿನಲ್ಲಿ ಇತ್ಯರ್ಥವಾಗದ ಈ ತಕರಾರನ್ನು ಕಾಲಿನ್ಸನೂ ಅವನ ಹೆಂಡತಿ ಜೂಡಿಯೂ ದ್ವೀಪದಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಪೋಣಿಸಿ ಬಗೆಹರಿಸಹೊರಟರು. ಸಮುದ್ರದಲ್ಲಿ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರಿನ ಮ್ಯಾರಥಾನ್ ಓಟ. ಮೊದಲು ಮುಗಿಸಿದವನನ್ನು 'ಐರನ್‌ಮ್ಯಾನ್' ಎಂದು ಕರೆಯೋಣವೆಂದರು. ಉಕ್ಕಿನ ಮನುಷ್ಯನೆಂದರೆ ನಿಜಾಮರ ಆಳ್ವಿಕೆಯಿಂದ 1948ರಲ್ಲಿ ಬಿಡುಗಡೆಗೊಂಡ ನಮ್ಮ ಸೀಮೆಯವರಿಗೆ ಸರ್ದಾರ್ ಪಟೇಲರೊಬ್ಬರೇ. ಈ ಬಿರುದು ಇಷ್ಟು ಸುಲಭವಾಗಿ ಹಂಚಿಕೆಯಾಗುತ್ತದೆಂದು ನನಗೆ ತಿಳಿದಿರಲಿಲ್ಲ.

1978ರ ಫೆಬ್ರವರಿ 18ರಂದು ನೀರಿಗಿಳಿದವರು 15 ಜನ, ಕೊನೆ ಮುಟ್ಟಿದವರು 12. ಗೆದ್ದವನು ಗಾರ್ಡನ್ ಹಾಲರ್, ಟ್ಯಾಕ್ಸಿ ಓಡಿಸಿ ಜೀವನ ಮಾಡಿದವನು. ಅವನಿಗೆ ಹಿಡಿದದ್ದು 11 ಗಂಟೆ 46 ನಿಮಿಷ 58 ಸೆಕೆಂಡು. ಎರಡನೆಯವನಾದ ಜಾನ್ ಡನ್ಬಾರನ ಜೊತೆಗಾರರ ಬಳಿ ದಾರಿಯಲ್ಲಿ ನೀರು ತೀರಿಹೋಗಿ, ಅವನಿಗೆ ಬಿಯರನ್ನೇ ಕುಡಿಸಿದರಂತೆ. ಕಾಲಿನ್ಸ್ ತಾನೂ ಸ್ಪರ್ಧಿಸಿ ಸುಮಾರು 17 ಗಂಟೆಯಲ್ಲಿ ಮುಗಿಸಿದ. ಇಂದಿಗೂ ಈ ಪೂರ್ಣ ಸ್ಪರ್ಧೆಗೆ ಸಾಮಾನ್ಯವಾಗಿ ವಿಧಿಸಿರುವ ಗಡುವು ಆ 17 ಗಂಟೆಯೇ. ಅಂದು ಬಹುಮಾನದ ಹಣವಿರಲಿಲ್ಲ, ಪ್ರೇಕ್ಷಕರೆಂದು ಹೇಳಬಹುದಾದವರೂ ಇರಲಿಲ್ಲ.

ಜಗತ್ತಿನ ಕಣ್ಣು ಅತ್ತ ಹೊರಳಿದ್ದು ಒಬ್ಬ ಸೋತವಳಿಂದ. ಜೂಲಿ ಮಾಸ್ ಎಂಬ ಕಾಲೇಜು ವಿದ್ಯಾರ್ಥಿನಿ ವ್ಯಾಯಾಮಶಾಸ್ತ್ರದ ತನ್ನ ಪ್ರಬಂಧಕ್ಕೆ ಸಾಮಗ್ರಿಯಾದೀತೆಂದು 1982ರ ಫೆಬ್ರವರಿಯಲ್ಲಿ ಸ್ಪರ್ಧೆಗಿಳಿದಳು. (ನನ್ನ ಕೈಕೆಳಗೆ ಪ್ರಬಂಧ ಬರೆದವರಲ್ಲಿ ಗ್ರಂಥಾಲಯದ ಮೆಟ್ಟಿಲೇರಲು ಏದುಸಿರು ಬಿಟ್ಟವರೇ ಹೆಚ್ಚು.) ಎಲ್ಲ ಹೆಂಗಸರಿಗಿಂತ ಮುಂದಿದ್ದವಳು ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ಕುಸಿದಳು. ಎದ್ದಳು, ಮತ್ತೆ ಬಿದ್ದಳು. ಹಿಂದಿದ್ದ ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಹೋಗಿ ಗೆದ್ದಳು. ಜೂಲಿ ಕೈಕಾಲುಗಳ ಮೇಲೆ ತೆವಳುತ್ತ 29 ಸೆಕೆಂಡು ತಡವಾಗಿ ಗೆರೆ ಮುಟ್ಟಿದಳು. ಟೆಲಿವಿಷನ್ನಿನಲ್ಲಿ ಅದನ್ನು ಕಂಡವರು ಗೆದ್ದವಳಿಗಿಂತ ತೆವಳಿದವಳನ್ನು ನೆನಪಿಟ್ಟುಕೊಂಡರು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಟ್ರಯಥ್ಲಾನಿಗೆ ಸ್ಥಾನ ದೊರೆಯಿತಾದರೂ ಅದು ಮೊಟಕುಗೊಳಿಸಿದ ರೂಪ.

ಹವಾಯಿಯ ಅಳತೆಗಳನ್ನು ನಮ್ಮ ನೆಲದ ಮೇಲಿಟ್ಟು ನೋಡೋಣ. ಮ್ಯಾರಥಾನ್ ಎಂದರೆ ಹೆಚ್ಚುಕಡಿಮೆ ಕಲಬುರಗಿಯಿಂದ ಆಳಂದದವರೆಗಿನ ಹಾದಿ. ಸೈಕಲ್ಲಿನ 180 ಕಿಲೋಮೀಟರ್ ಎಂದರೆ, ಕಲಬುರಗಿಯಿಂದ ಆಳಂದಕ್ಕೆ ಹೋಗಿ ಬಂದು, ಅದೇ ದಿನ ಜೇವರ್ಗಿಗೂ ಹೋಗಿ ಬಂದರೆ ಇನ್ನೂ ಸ್ವಲ್ಪ ಉಳಿಯುತ್ತದೆ. ಈ ಮೂರು ತಾಲ್ಲೂಕುಗಳನ್ನು ರಸ್ತೆಗಿಂತ ಮೊದಲು ಪೋಣಿಸಿದ್ದು ನೀರು. ಆಳಂದದ ಕಡೆಯಿಂದ ಹರಿದು ಬರುವ ಅಮರಜೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತಾಳೆ. ಭೀಮೆ ಮುಂದೆ ಜೇವರ್ಗಿಯ ಸೀಮೆಯನ್ನು ಸವರಿಕೊಂಡು ಸಾಗುತ್ತಾಳೆ.

ಈ ನೆಲದಲ್ಲಿ ಓಡಿದವರು, ಈಜಿದವರು ಇರಲಿಲ್ಲವೆ? 1333ರಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ, ಮಹಮ್ಮದ್ ಬಿನ್ ತುಘಲಕನ ಕಾಲದ ಅಂಚೆಯನ್ನು ವರ್ಣಿಸಿದ್ದಾನೆ. ಮೈಲಿಗೆ ಮೂರು ಠಾಣ್ಯಗಳು. ಓಟಗಾರನ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸಪ್ಪಳ ಕೇಳಿದೊಡನೆ ಮುಂದಿನ ಠಾಣ್ಯದವನು ನಡುಕಟ್ಟಿ ಸಿದ್ಧನಾಗಬೇಕು. ಈ ಕಾಲಂಚೆ ಕುದುರೆಯಂಚೆಗಿಂತ ವೇಗವಾಗಿತ್ತೆಂದು ಅವನು ಬೆರಗಾಗುತ್ತಾನೆ. ದೌಲತಾಬಾದಿನಲ್ಲಿದ್ದ ಸುಲ್ತಾನನಿಗೆ ಕುಡಿಯಲು ಗಂಗೆಯ ನೀರನ್ನು ನಲವತ್ತು ದಿನಗಳ ಹಾದಿಯಿಂದ ತರುತ್ತಿದ್ದರಂತೆ. ಆ ಆಳ್ವಿಕೆಯಿಂದ ಸಿಡಿದು 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ಅದರ ರಾಜಧಾನಿಯಾಯಿತು. ಕೋಲು ಹಿಡಿದು ಓಡಿದವರ ಒಂದು ಹೆಸರನ್ನೂ ಚರಿತ್ರೆ ಉಳಿಸಿಲ್ಲ. ಸುಲ್ತಾನನ ಬಾಯಾರಿಕೆ ಮಾತ್ರ ಉಳಿದಿದೆ.

ಈಜಿನ ಮಾತಿಗೆ ಅಷ್ಟು ಹಿಂದೆ ಹೋಗಬೇಕಾಗಿಲ್ಲ. ಸೇತುವೆಗಳಿಲ್ಲದಾಗ ಭೀಮೆ ಕೃಷ್ಣೆಗಳನ್ನು ಜನ ಹರಿಗೋಲಿನಲ್ಲಿ ದಾಟುತ್ತಿದ್ದರು, ಅದೂ ಇಲ್ಲದಾಗ ಒಣಗಿದ ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದರು. 2013ರ ಮಳೆಗಾಲದಲ್ಲಿ, ನಮ್ಮ ಜಿಲ್ಲೆಯಿಂದಲೇ ಒಡೆದು ಹುಟ್ಟಿದ ಯಾದಗಿರಿ ಜಿಲ್ಲೆಯ ನೀಲಕಂಠರಾಯನ ಗಡ್ಡಿಯಲ್ಲಿ, ತುಂಬು ಗರ್ಭಿಣಿಯೊಬ್ಬಳು ತಂದೆ ಮತ್ತು ಅಣ್ಣತಮ್ಮಂದಿರ ಬೆಂಬಲದಿಂದ, ಸೋರೆ ಕುಂಬಳದ ಬುರುಡೆಗಳನ್ನು ಕಟ್ಟಿಕೊಂಡು ಉಕ್ಕಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಾಟಿದಳು. ಸುಮಾರು ಅರ್ಧ ಮೈಲಿಯ ನೀರು. ಹೆರಿಗೆ ಆಸ್ಪತ್ರೆಯಲ್ಲಾಗಲೆಂಬುದೊಂದೇ ಅವಳ ಆಸೆ. ಜಗತ್ತಿನ ಪತ್ರಿಕೆಗಳು ಸಾಹಸವೆಂದು ಬರೆದವು. ನನಗೆ ಓದಿ ನಾಚಿಕೆಯಾಯಿತು.

ಇಂಥ ನಿದರ್ಶನಗಳನ್ನು ಒಟ್ಟುಮಾಡಿ 'ನಮ್ಮ ಹಿರಿಯರೆಲ್ಲ ಉಕ್ಕಿನ ಮನುಷ್ಯರೇ, ಇದರಲ್ಲಿ ಹೊಸದೇನಿದೆ' ಎಂದು ಬೀಗುವುದು ನಮ್ಮ ಸಭೆಗಳ ವಾಡಿಕೆ. ನಾನು ಅದನ್ನು ಒಪ್ಪಲಾರೆ. 1972ರ ಬರದಲ್ಲಿ ಆಳಂದದ ಕಡೆ ನಮ್ಮೂರಿನ ಗಂಡಸರು ಹೆಂಗಸರು ಕಾಮಗಾರಿಯ ಕಲ್ಲೊಡೆಯಲು ಮೈಲಿಗಟ್ಟಲೆ ನಡೆದು ಹೋಗಿ ಬರುತ್ತಿದ್ದುದನ್ನು ಹುಡುಗನಾಗಿ ಕಂಡಿದ್ದೇನೆ. ಅದು ಕ್ರೀಡೆಯಲ್ಲ. ಬೇಡವೆನ್ನುವ ಅವಕಾಶ ಇಲ್ಲದವನ ಶ್ರಮವನ್ನು ಆಟದೊಡನೆ ತೂಗಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಇಲ್ಲಿಯೇ 'ಹವ್ಯಾಸಿ' ಎಂಬ ಪದದ ಚರಿತ್ರೆ ಬರುತ್ತದೆ. ಕನ್ನಡಿಗರು ಅದನ್ನು ಹೆಚ್ಚಾಗಿ ನಾಟಕದ ಸಂದರ್ಭದಲ್ಲಿ ಕೇಳಿದ್ದೇವೆ. ಇಂಗ್ಲಿಷಿನ 'ಅಮೆಚೂರ್' ಫ್ರೆಂಚಿನಿಂದ ಬಂದದ್ದು. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಪ್ರೀತಿಸುವವನು ಎಂದು. ಪದ ಇಷ್ಟು ಮಧುರ, ಅದನ್ನು ಬಳಸಿದ ರೀತಿ ಮಾತ್ರ ಕಹಿ. ಇಂಗ್ಲೆಂಡಿನ ಹೆನ್ಲಿಯಲ್ಲಿ ನಡೆಯುವ ಪ್ರಸಿದ್ಧ ದೋಣಿಸ್ಪರ್ಧೆಯವರು 1879ರಲ್ಲಿ ಹವ್ಯಾಸಿಗೆ ಲಕ್ಷಣ ಬರೆದರು. ಕೈಕಸುಬಿನವನು, ಕುಶಲಕರ್ಮಿ, ಕೂಲಿಕಾರ, ಇವರಾರೂ ಹವ್ಯಾಸಿಗಳಲ್ಲ! ಹಣಕ್ಕಾಗಿ ಆಡದಿದ್ದರೂ ಸರಿಯೆ, ಹೊಟ್ಟೆಗಾಗಿ ಮೈ ದಂಡಿಸುವವನು ಪ್ರೀತಿಗಾಗಿ ಮೈ ದಂಡಿಸಲು ಅನರ್ಹ. ಈ ನಿಯಮವನ್ನು ಅವರು ಕಿತ್ತುಹಾಕಿದ್ದು 1937ರಲ್ಲಿ. ಪಂಕ್ತಿಭೇದ ನಮ್ಮ ದೇಶದ ಸೊತ್ತು ಮಾತ್ರವೆಂದು ತಿಳಿದವರು ಇದನ್ನು ಗಮನಿಸಬೇಕು. ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್ 1912ರಲ್ಲಿ ಗೆದ್ದ ಎರಡು ಒಲಿಂಪಿಕ್ ಪದಕಗಳನ್ನು, ಹಿಂದೆಂದೋ ಅಲ್ಪ ಹಣ ಪಡೆದು ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ ಮರುವರ್ಷ ಕಸಿದುಕೊಂಡರು. ಅವನೊಬ್ಬನೇ ವಿಜೇತನೆಂದು ಮತ್ತೆ ಸಾರಿದ್ದು 2022ರಲ್ಲಿ, ಅವನು ಸತ್ತು ಸುಮಾರು 70 ವರ್ಷಗಳಾದ ಮೇಲೆ.

1920ರ ಆಂಟ್ವರ್ಪ್ ಒಲಿಂಪಿಕ್ಸ್ ಈ ದೃಷ್ಟಿಯಿಂದ ಬಲು ಸ್ವಾರಸ್ಯವಾದದ್ದು. ಅದೇ ವರ್ಷ ಹೆನ್ಲಿಯವರು ಜಾನ್ ಕೆಲ್ಲಿ ಎಂಬ ಅಮೆರಿಕದ ಇಟ್ಟಿಗೆಗೆಲಸದವನಿಗೆ ಪ್ರವೇಶ ನಿರಾಕರಿಸಿದ್ದರು. ಅವನ ಕಸುಬೂ ಅದಕ್ಕೊಂದು ಕಾರಣವಾಗಿತ್ತು. ಅವನು ಆಂಟ್ವರ್ಪಿಗೆ ಹೋಗಿ ದೋಣಿಸ್ಪರ್ಧೆಯಲ್ಲಿ ಚಿನ್ನ ಗೆದ್ದ. ಮ್ಯಾರಥಾನ್ ಗೆದ್ದ ಫಿನ್ಲೆಂಡಿನ ಕೋಲೆಮೈನೆನ್ ಕೂಡ ಇಟ್ಟಿಗೆ ಕಟ್ಟುವ ಕೆಲಸದವನೇ. ಅದೇ ಮ್ಯಾರಥಾನಿನಲ್ಲಿ, ಮಾಮೂಲಿಗಿಂತ ಉದ್ದವಾದ 42.75 ಕಿಲೋಮೀಟರಿನ ಹಾದಿಯಲ್ಲಿ, ಸುಮಾರು 2 ಗಂಟೆ 50 ನಿಮಿಷ ಓಡಿ 19ನೆಯವನಾಗಿ ಬಂದವನು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಹೊಲದ ಕೆಲಸದ ರೈತಾಪಿ ಹುಡುಗರು ಬರಿಗಾಲಲ್ಲಿ ಓಡಿದ್ದನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರು ಮುಂದಾಗಿ ಕಳುಹಿಸಿದ ತಂಡದಲ್ಲಿ ಚೌಗುಲೆ ಒಬ್ಬ. 19ನೆಯ ಸ್ಥಾನವೆಂದರೆ ಪದಕವಿಲ್ಲ, ಪಠ್ಯಪುಸ್ತಕದಲ್ಲಿ ಪಾಠವೂ ಇಲ್ಲ. ನಾನು ಮೂವತ್ತು ವರ್ಷ ಪಾಠ ಹೇಳಿದವನು, ಆ ಹೆಸರನ್ನು ಒಮ್ಮೆಯೂ ತರಗತಿಯಲ್ಲಿ ಉಚ್ಚರಿಸಲಿಲ್ಲ. ಕೂಲಿಕಾರನನ್ನು ಹೊರಗಿಟ್ಟ ಪದದೊಳಕ್ಕೆ ಕೂಲಿಕಾರರೇ ನುಗ್ಗಿ ಬಂದ ಕಾಲ ಅದು.

ಈಗ ಆ ಬಾಗಿಲಲ್ಲಿ ನಿಯಮವಿಲ್ಲ, ಬೆಲೆಚೀಟಿ ಇದೆ. ಗೋವೆಯಲ್ಲಿ ಅರ್ಧ ಅಳತೆಯ ಐರನ್‌ಮ್ಯಾನ್ ಮೊದಲು ನಡೆದದ್ದು 2019ರ ಅಕ್ಟೋಬರಿನಲ್ಲಿ. ಪೂರ್ಣ ಅಳತೆಗೆ ಪರದೇಶಕ್ಕೆ ಹೋಗುವವರೇ ಹೆಚ್ಚು. ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು ಅವರು 2022ರ ಜೂನ್ 5ರಂದು ಜರ್ಮನಿಯ ಹ್ಯಾಂಬರ್ಗಿನಲ್ಲಿ ಅದನ್ನು 13 ಗಂಟೆ 26 ನಿಮಿಷಗಳಲ್ಲಿ ಮುಗಿಸಿದರು. ಭಾರತೀಯ ರೈಲ್ವೆಯಲ್ಲಿ ಹಾಗೆ ಮುಗಿಸಿದವರಲ್ಲಿ ಅವರೇ ಮೊದಲಿಗರೆಂದು ಆಗ ವರದಿಯಾಯಿತು. ಸ್ಪರ್ಧೆಗೆ ತಕ್ಕ ಸೈಕಲ್ಲಿನ ಬೆಲೆಯಲ್ಲಿ ಒಂದು ಜೋಡಿ ಒಳ್ಳೆಯ ಎತ್ತು ಬರುತ್ತವೆಂದು ನನ್ನ ವಿದ್ಯಾರ್ಥಿಯೇ ಹೇಳಿದ. ಅವನದು ಯಾರೋ ಬಳಸಿ ಬಿಟ್ಟ ಹಳೆಯ ಸೈಕಲ್.

ಅವನ ಅಭ್ಯಾಸ ನಡೆದದ್ದು ಮುಂಜಾನೆ ನಾಲ್ಕೂವರೆಗೆ, ಶಾಲೆಯ ವೇಳೆಗೆ ಮುನ್ನ. ಓಡಲು ಡಾಂಬರು ರಸ್ತೆಯ ಅಂಚೇ ಗತಿ. ಮಳೆ ಬಿದ್ದರೆ ಎರೆಮಣ್ಣು ಬೂಟಿಗೆ ಮೆತ್ತಿ ಕಾಲು ಮಣಭಾರವಾಗುತ್ತದೆ. ಎದುರಾದ ರೈತರು ಮೊದಮೊದಲು ಏನೋ ಅವಘಡವಾಗಿದೆಯೆಂದು ಬೈಕು ನಿಲ್ಲಿಸಿ "ಹತ್ರಿ ಮಾಸ್ತರ" ಎನ್ನುತ್ತಿದ್ದರಂತೆ. ಹತ್ತುವುದಿಲ್ಲವೆಂದು ಅವರಿಗೆ ಒಪ್ಪಿಸುವಷ್ಟರಲ್ಲಿ ಮೈಯ ಬಿಸಿ ಆರಿಹೋಗುತ್ತಿತ್ತು.

ಗೋವೆಯಲ್ಲಿ ಅವನು ಸಮುದ್ರವನ್ನು ಗೆದ್ದ. ಹೊಳೆಯ ಈಜುಗಾರನಿಗೆ ಉಪ್ಪುನೀರಿನ ಅಲೆ ಮೊದಲು ದಿಗಿಲು ಹುಟ್ಟಿಸಿತಂತೆ. ಸೈಕಲ್ಲೂ ಸಾಗಿತು. ಓಟದಲ್ಲಿ, ನಮ್ಮ ಒಣ ಬಿಸಿಲನ್ನು ಮಾತ್ರ ಬಲ್ಲ ಮೈ ಕರಾವಳಿಯ ಸೆಕೆಗೆ ಸೋತಿತು. ಇನ್ನು ಮೂರು ಕಿಲೋಮೀಟರ್ ಇದೆಯೆನ್ನುವಾಗ ಎಂಟೂವರೆ ಗಂಟೆ ಮುಗಿಯಿತು. ಪದಕವಿಲ್ಲ, ಅಂಗಿಯಿಲ್ಲ. ಎದೆಯ ಮೇಲಿನ ಸಂಖ್ಯೆಯ ಚೀಟಿಯನ್ನು ತೆಗೆದು ಜೇಬಿಗಿಟ್ಟು, ಉಳಿದ ಮೂರು ಕಿಲೋಮೀಟರನ್ನು ರಸ್ತೆಯ ಬದಿಯಲ್ಲಿ ಒಬ್ಬನೇ ನಡೆದು ಮುಗಿಸಿದನಂತೆ. ಅಷ್ಟು ಹೊತ್ತಿಗೆ ಕಮಾನನ್ನು ಬಿಚ್ಚುತ್ತಿದ್ದರು.

ಊರಿಗೆ ಬಂದಾಗ ತಾಯಿ ಏನೆಂದಳೆಂದು ವಿಚಾರಿಸಿದೆ. "ಉಳಿದದ್ದು ನಡಕೊಂಡು ಹ್ವಾದ್ಯಾ? ಛಲೋ ಮಾಡ್ದಿ ಅಂದಳ್ರಿ ಸರ್."

ಅವಳ ವಂಶದಲ್ಲಿ, ನಡೆಯಬೇಕಾಗಿಲ್ಲದ ಹಾದಿಯನ್ನು ನಡೆದವನು ಇವನೇ ಮೊದಲಿಗ. ಅದು ಅವಳಿಗೆ ನನಗಿಂತ ಮೊದಲು ಅರ್ಥವಾಗಿತ್ತೆಂದು ತೋರುತ್ತದೆ.

ಅವನು ಮತ್ತೆ ಅಭ್ಯಾಸಕ್ಕೆ ತೊಡಗಿದ್ದಾನೆ. ಭೀಮೆಯಲ್ಲಿ ನೀರು ನಿಲ್ಲುವ ತಿಂಗಳುಗಳಲ್ಲಿ, ರವಿವಾರ ಮುಂಜಾನೆ, ಕಟ್ಟಿಸಂಗಾವಿಯ ಸೇತುವೆಯ ಆಚೆ ಈಜುತ್ತಾನೆ. ಮರಳು ಬಗೆದ ಗುಂಡಿಗಳೆಲ್ಲಿವೆ ಎಂಬುದನ್ನು ಮೀನುಗಾರರಿಂದ ಮೊದಲೇ ಕೇಳಿಕೊಳ್ಳುತ್ತಾನೆ. ಮೊಸಳೆಯ ಸುದ್ದಿ ಹಬ್ಬಿದ ವಾರ ನೀರಿಗಿಳಿಯುವುದಿಲ್ಲ. ಒಬ್ಬನೇ ಈಜಬಾರದೆಂದು ಅವನ ಹೆಂಡತಿ ಹಟ ಹಿಡಿದದ್ದರಿಂದ, ದಂಡೆಯ ಮೇಲೆ ಅವನ ಬಟ್ಟೆ, ಚಹದ ಫ್ಲಾಸ್ಕು, ಒಂದು ಸೀಟಿ ಇಟ್ಟುಕೊಂಡು ಕೂಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವನ ತಲೆ ನೀರಿನ ಮೇಲೆ ಕಾಣುತ್ತಿರುವವರೆಗೆ ನಾನು ಸೀಟಿ ಊದುವಂತಿಲ್ಲ.